ಎಂಟನೆಯ ಹೆಸರು

"ಅವನೇನು ಊರಪಡೆಯವನಲ್ಲ ಬಿಡಿ, ಯಾರೋ ದಾರಿಹೋಕ." ಸೋಮವಾರ ಬೆಳಗಿನ ಜಾವ ಕೇಳಿದ ಈ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ 19ರ ಕಾಳಗವನ್ನು ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್‌ನ ಬಯಲಿನಲ್ಲಿ ಪ್ರತಿವರ್ಷ ಆಡಿ ತೋರಿಸುತ್ತಾರೆ. ಊರಿಂದ ಬಂದಿರುವ ಅಮ್ಮನಿಗೆ ಸ್ವೆಟರು, ಶಾಲು, ಮಂಕಿ ಕ್ಯಾಪು ಎಲ್ಲ ಹಾಕಿಸಿ ಕತ್ತಲಲ್ಲೇ ಕರೆದುಕೊಂಡು ಹೋಗಿದ್ದೆ. ಅಂದು 700ರಷ್ಟಿದ್ದ ಬ್ರಿಟಿಷ್ ದಂಡಿನ ಮುಂದಿನ ತುಕಡಿಯ ಎದುರು ನಿಂತದ್ದು ಊರಪಡೆಯ, ಅಂದರೆ ಊರಿನ ಸಾಮಾನ್ಯರೇ ಕಟ್ಟಿಕೊಂಡ ಪಡೆಯ, 77 ಜನ. ನಾವು ಕಾಲು ನೋಯಿಸಿಕೊಂಡು ಕಾದಿದ್ದೇ ಹೆಚ್ಚು, ಗುಂಡಿನ ಸದ್ದು ಬೇಗ ಮುಗಿಯಿತು.

ಜನ ಚದುರಿದ ಮೇಲೆ ಸ್ಮಾರಕದ ಹತ್ತಿರ ಹೋದೆವು. ಸಣ್ಣ ದಿಬ್ಬ, ಕಬ್ಬಿಣದ ಬೇಲಿ, ಒಳಗೆ ಗ್ರಾನೈಟ್ ಕಂಬ. 1799ರಲ್ಲಿ ರಾಜ್ಯದ ದುಡ್ಡಿನಲ್ಲಿ ಊರವರು ನಿಲ್ಲಿಸಿದ್ದು. ಅದರ ಮೇಲಿದ್ದ, ಅಂದು ಸತ್ತವರ ಹೆಸರುಗಳನ್ನು ಅಮ್ಮನಿಗೆ ಒಂದೊಂದಾಗಿ ಓದಿ ಹೇಳುತ್ತಿದ್ದೆ. ಏಳು ಜನ ಲೆಕ್ಸಿಂಗ್ಟನ್‌ನವರು. ಎಂಟನೆಯವನು ವೂಬರ್ನ್‌ನ ಏಸಹೆಲ್ ಪೋರ್ಟರ್. ಆಗಲೇ ಪಕ್ಕದಲ್ಲಿದ್ದ ದೊಡ್ಡ ಕ್ಯಾಮೆರಾದ ಮನುಷ್ಯ ತನ್ನ ಜೊತೆಯವರಿಗೆ ಆ ಮಾತು ಹೇಳಿದ್ದು. ಆತ ಬಹಳ ಓದಿಕೊಂಡವನೇ ಇರಬೇಕು, ಹೇಳಿದ್ದೂ ಸುಳ್ಳಲ್ಲ. ಆದರೆ ಸತ್ತವರ ಮುಂದೆ ನಿಂತು ಹಾಗೆ ಕೈ ಝಾಡಿಸಬಾರದಿತ್ತು.

"ಏನಂದ್ನೋ ಅವ್ನು?" ಅಂದಳು ಅಮ್ಮ. ಹೇಳಿದೆ. ಪೋರ್ಟರ್ ಬಾಸ್ಟನ್ನಿನ ಸಂತೆಗೆ ಹೊರಟಿದ್ದವನು. ದಾರಿಯಲ್ಲಿ ಸಿಪಾಯಿಗಳು ಹಿಡಿದು ಇಲ್ಲಿಯವರೆಗೆ ನಡೆಸಿಕೊಂಡು ಬಂದರು. ಕೈಯಲ್ಲಿ ಕೋವಿ ಇರಲಿಲ್ಲ. ಬಿಟ್ಟಮೇಲೆ ಓಡಿದನಂತೆ, ಹೊಡೆದರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಸಂತೆಗೆ ಹೊರಟೋನು ಸತ್ರೆ ಲೆಕ್ಕಕ್ಕಿಲ್ವೇನೋ?"

ಅಡುಗೆ ಮಾಡುವಾಗ, ಆಫೀಸಿನ ಮೀಟಿಂಗಿನ ನಡುವೆ, ವಾರವಿಡೀ ಇದೇ ಪ್ರಶ್ನೆ. ಕಲ್ಲಿನ ಮೇಲಿನ ಬರಹದ ಫೋಟೋ ತೆಗೆದು ಮತ್ತೆ ಮತ್ತೆ ಓದಿದೆ. ಬರೆದವರು ಆ ಊರಿನ ಪಾದ್ರಿ ಜೋನಸ್ ಕ್ಲಾರ್ಕ್. ಸತ್ತವರೆಲ್ಲ ಅವರ ಕಣ್ಣೆದುರಿನ ಜನ. ಒಬ್ಬ ರಾಬರ್ಟ್ ಮನ್ರೋನ ಹೆಸರಿಗೆ ಮಾತ್ರ ಸೈನ್ಯದ ಹುದ್ದೆ ಸೇರಿಸಿದ್ದಾರೆ. ಉಳಿದವರು ಬರೀ ಶ್ರೀಯುತರು. ಎಂಟೂ ಜನರನ್ನು ಒಟ್ಟಿಗೆ 'ನಮ್ಮ ಸಹನಾಗರಿಕರು' ಎಂದು ಕರೆದಿದ್ದಾರೆ. ಯಾರ ಕೈಯಲ್ಲಿ ಕೋವಿಯಿತ್ತು ಎಂಬ ಮಾತೇ ಅಲ್ಲಿಲ್ಲ. ಇನ್ನೂರು ವರ್ಷದ ಹಿಂದಿನ ಆ ಪಾದ್ರಿಯ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಆಗ.

ಆ ದಿನ ಲೆಕ್ಸಿಂಗ್ಟನ್ನಿನ ಏಳು ಹೆಣಗಳನ್ನು ಒಂದೇ ಗುಂಡಿಯಲ್ಲಿ ಹೂತು, ಶತ್ರುಗಳಿಗೆ ಕಾಣದಿರಲೆಂದು ಮೇಲೆ ಸೊಪ್ಪುಸದೆ ಮುಚ್ಚಿದ್ದರು. ಸತ್ತವರನ್ನೂ ಬಚ್ಚಿಡಬೇಕಾದ ಭಯ ಎಂಥದ್ದಿರಬೇಕು! 1835ರಲ್ಲಿ ಅವರ ಅಸ್ಥಿಗಳನ್ನು ತಂದು ಈ ಸ್ಮಾರಕದ ಬಳಿ ಇಟ್ಟರು. ಪೋರ್ಟರ್ ಮಾತ್ರ ತನ್ನೂರಿನ ಮಣ್ಣಲ್ಲೇ ಉಳಿದ. ಹೀಗಾಗಿ ಇಲ್ಲಿ ಹೆಸರು ಎಂಟು, ಅಸ್ಥಿ ಏಳು ಜನರದು.

ಲೆಕ್ಕಕ್ಕೆ ಬರಲು ಕಾದವರು ಇನ್ನೂ ಇದ್ದಾರೆ. ಅದೇ ಬೆಳಗ್ಗೆ ಊರಪಡೆಯ ಜೊತೆ ನಿಂತು ಗಾಯಗೊಂಡ ಪ್ರಿನ್ಸ್ ಎಸ್ಟಬ್ರೂಕ್ ಕಪ್ಪು ಮನುಷ್ಯ, ಗುಲಾಮ. ಬದುಕಿ ಉಳಿದ, ಸರಿ. ಆದರೆ ಬಯಲಿನೆದುರಿನ ಬಕ್‌ಮನ್ ಟಾವರ್ನ್ ಎಂಬ ಹಳೆಯ ಪಾನಗೃಹದ ಮುಂದೆ ಅವನಿಗೊಂದು ಕಲ್ಲು ಬರಲು 2008 ಆಗಬೇಕಾಯಿತು. ಸೋಮವಾರ ಅದರ ಮುಂದೆಯೇ ಹಾದು ಹೋದೆವು, ಅಮ್ಮನಿಗೆ ತೋರಿಸಲು ಮರೆತೆ. ಅದು ಚುಚ್ಚುತ್ತಿದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಆ ಸಂತೆಯೋನ ಊರು ಯಾವ್ದು ಅಂದೆ?"

"ವೂಬರ್ನ್, ಪಕ್ಕದ ಊರೇ."

"ಭಾನುವಾರ ಕರ್ಕೊಂಡು ಹೋಗು. ಹೂವ ತಗೊಂಡು ಹೋಗಣ."