ಹಾಸ್ಯ ಧಾರಾವಾಹಿಗಳಲ್ಲಿ ಅದೇ ನಾಲ್ಕು ಹೆಂಗಸರು ಯಾಕೆ?

ಹೆಂಗಸರೇ ಮುಖ್ಯವಾಗಿರುವ ಟಿವಿ ಹಾಸ್ಯದಲ್ಲಿ ಒಬ್ಬಳು ಪೆದ್ದಿ, ಒಬ್ಬಳು ಗಂಡಸರ ಹಿಂದೆ ಬಿದ್ದವಳು, ಒಬ್ಬಳು ಜಾಣೆ, ಒಬ್ಬಳು ಬಾಯಿಬಡುಕಿ. ಬೇರೆ ಥರದವರು ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ.

ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು 22 ನಿಮಿಷದ ಆಸುಪಾಸು. ಪರಿಚಯಕ್ಕೆ ಪುರುಸೊತ್ತಿಲ್ಲ. ಒಬ್ಬಳು ಸಂಕಟ ತೋಡಿಕೊಂಡರೆ ಉಳಿದ ಮೂವರಿಂದ ಮೂರು ಥರದ ಮಾತು ಬರಬೇಕು, ನಗು ಹುಟ್ಟುವುದೇ ಅಲ್ಲಿ. ಆದ್ದರಿಂದ ಮಾದರಿ ಬೇಕೇ ಬೇಕು. ಅದು ಅಚ್ಚಾಗಿ ಗಟ್ಟಿಯಾದಾಗಲೇ ತೊಂದರೆ.

1985ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ‘ದ ಗೋಲ್ಡನ್ ಗರ್ಲ್ಸ್’ ನೋಡಿ. ಮಯಾಮಿಯ ಒಂದು ಮನೆ, ವಯಸ್ಸಾದ ನಾಲ್ವರು ಹೆಂಗಸರು. ಬೆಟ್ಟಿ ವೈಟ್ ಹಿಂದೊಂದು ಧಾರಾವಾಹಿಯಲ್ಲಿ ಗಂಡಸರ ಹುಚ್ಚಿನ ಪಾತ್ರ ಮಾಡಿ ಗೆದ್ದಿದ್ದರು. ಹಾಗಾಗಿ ಅಂಥದ್ದೇ ಬ್ಲಾಂಚ್ ಪಾತ್ರಕ್ಕೆ ಅವರನ್ನೂ, ಮುಗ್ಧೆ ರೋಸ್‌ಗೆ ರೂ ಮೆಕ್ಲಾನಹನ್‌ರನ್ನೂ ಯೋಚಿಸಿದ್ದರು. ಮೊದಲ ಕಂತಿನ ನಿರ್ದೇಶಕ ಜೇ ಸ್ಯಾಂಡ್ರಿಚ್ ಅದಲುಬದಲು ಮಾಡಿಸಿದರು. ಬೆಟ್ಟಿ ವೈಟ್ ಕೈಯಲ್ಲಿ ರೋಸ್ ಪೆದ್ದಿಯಾಗಲಿಲ್ಲ, ಹೇಳಿದ್ದನ್ನೆಲ್ಲ ಹೇಳಿದ ಹಾಗೇ ನಂಬುವವಳಾದಳು. ವ್ಯತ್ಯಾಸ ಸಣ್ಣದಲ್ಲ: ಪೆದ್ದಿಗೆ ತಪ್ಪುವುದಷ್ಟೇ ಕೆಲಸ, ನಂಬುವವಳಿಗೆ ಮನಸ್ಸಿದೆ.

1986ರ ಒಂದು ಕಂತಿನಲ್ಲಿ, ನಾಲ್ವರಲ್ಲಿ ಜಾಣೆಯಾದ ಡೊರೊಥಿಯ ಹಳೆಯ ಗೆಳತಿ ಜೀನ್‌ಗೆ ರೋಸ್ ಮೇಲೆ ಪ್ರೀತಿಯಾಗುತ್ತದೆ. ಆ ಭಾವನೆ ನನಗೆ ಅರ್ಥವಾಗದು, ಅರ್ಥವಾಗಿದ್ದರೆ ನೀನು ಹಾಗೆ ಭಾವಿಸಿದ್ದಕ್ಕೆ ಹೆಮ್ಮೆಪಡುತ್ತಿದ್ದೆ ಎಂಬರ್ಥದ ಮಾತನ್ನು ರೋಸ್ ಆಡುತ್ತಾಳೆ. ಮನೆಯಲ್ಲಿ ಎಲ್ಲರಿಗಿಂತ ಮುಗ್ಧೆ ಎನಿಸಿಕೊಂಡವಳ ಬಾಯಲ್ಲಿ ಅತಿ ಪ್ರಬುದ್ಧ ಉತ್ತರ, ಅದೂ ಮುಗ್ಧತೆಯನ್ನು ಬಿಟ್ಟುಕೊಡದೆ! ಒಳ್ಳೆಯ ಬರವಣಿಗೆ ಎಂದರೆ ನನಗೆ ಇದೇ.

ಡೊರೊಥಿಯ ತಾಯಿ, ಬಾಯಿಬಡುಕಿ ಸೋಫಿಯಾಗೂ ಒಂದು ಕಾರಣ ಕೊಟ್ಟಿದ್ದಾರೆ: ಪಾರ್ಶ್ವವಾಯು ಹೊಡೆದು ಮಾತಿಗೆ ಕಡಿವಾಣ ಹಾಕುವ ಮಿದುಳಿನ ಭಾಗವೇ ಹೋಗಿದೆ. (ಅಂದಹಾಗೆ, ಡೊರೊಥಿಯ ತಾಯಿಯಾಗಿ ನಟಿಸಿದ ಎಸ್ಟೆಲ್ ಗೆಟ್ಟಿ, ಮಗಳಾಗಿ ನಟಿಸಿದ ಬೀ ಆರ್ಥರ್‌ಗಿಂತ ಚಿಕ್ಕವರು.)

ಯಾವ ಧಾರಾವಾಹಿಯನ್ನಾದರೂ ಹೀಗೆ ಪರೀಕ್ಷಿಸಿ. ಪಾತ್ರಕ್ಕೆ ಈ ಕಂತಿನಲ್ಲಿ ಏನು ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಗಂಡಸು ಬೇಕು’ ಎಂಬುದು ಸಾಲದು. ‘ವಯಸ್ಸಾಯಿತೆಂದು ಯಾರೂ ತನ್ನನ್ನು ಬದಿಗಿಡಬಾರದು’ ಎಂದು ಬರೆಯಲಾದರೆ ಅಲ್ಲಿ ಜೀವವಿದೆ. ಆಮೇಲೆ ನಗೆಮಾತುಗಳನ್ನು ಎಣಿಸಿ: ಎಷ್ಟು ಅವಳು ಆಡಿದ್ದು, ಎಷ್ಟು ಅವಳ ಮೇಲೆ ಆಡಿದ್ದು? ಕಂತು ಕಂತಿಗೂ ಎರಡನೆಯದೇ ಹೆಚ್ಚಿದ್ದರೆ ಬರಹಗಾರರು ಅವಳ ಮಾತು ಕೇಳುವುದನ್ನು ಬಿಟ್ಟಿದ್ದಾರೆ.