ಕೇಳುವವರೇ ಹಾಡುವ ನಾಡಿನಲ್ಲಿ ಒಂದು ವರ್ಷ

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ನನ್ನ ಮೊದಲ ಚಳಿಗಾಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಿದ್ದ. ಕೆಲಸ ಮುಗಿದರೆ ಮನೆ, ಬೇರೆಲ್ಲಿಗೂ ಹೋಗಲು ಮನಸ್ಸಾಗುತ್ತಿರಲಿಲ್ಲ. ನಮ್ಮ ಆಫೀಸಿನ ಲೆಕ್ಕಪತ್ರ ನೋಡುವವರೊಬ್ಬರು ಒಂದು ಸಂಜೆ ಬಲವಂತ ಮಾಡಿ ಎಸ್ಟೋನಿಯಾ ಕಾನ್ಸರ್ಟ್ ಹಾಲ್‌ಗೆ ಕರೆದುಕೊಂಡು ಹೋದರು.

1913ರ ಕಟ್ಟಡ ಅದು. 1944ರ ಮಾರ್ಚಿನ ಬಾಂಬ್ ದಾಳಿಯಲ್ಲಿ ಹಾಳಾದದ್ದನ್ನು ಮತ್ತೆ ಕಟ್ಟಿದ್ದಾರೆ. ಬಾಗಿಲ ಹತ್ತಿರವೇ ಎಲ್ಲರೂ ದಪ್ಪ ಕೋಟು ಬಿಚ್ಚಿ ಕೊಟ್ಟು ಟೋಕನ್ ಪಡೆದರು. ಕೆಲವರು ಹಿಮ ತುಳಿದ ಬೂಟು ಕಳಚಿ, ಚೀಲದಿಂದ ಬೇರೆ ಶೂ ತೆಗೆದು ಹಾಕಿಕೊಂಡರು. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ ಅಲ್ವಾ, ಅದು ನೆನಪಾಯಿತು.

ಆ ದಿನ ಇಲ್ಲಿನ ಸಂಗೀತ ಸಂಯೋಜಕ ಆರ್ವೋ ಪ್ಯಾರ್ಟ್ ಅವರ ಒಂದು ಕೃತಿ ಇತ್ತು. ಎಸ್ಟೋನಿಯಾ ಸೋವಿಯತ್ ಒಕ್ಕೂಟದಲ್ಲಿದ್ದ ಕಾಲದಲ್ಲಿ, 1980ರಲ್ಲಿ, ದೇಶ ಬಿಡಬೇಕಾಗಿ ಬಂದವರು; 2010ರಲ್ಲಿ ವಾಪಸ್ ಬಂದರು. 2025ರ ಸೆಪ್ಟೆಂಬರಿಗೆ ಅವರಿಗೆ 90 ತುಂಬಿತು. ಸ್ವರಗಳು ಬಹಳ ಕಡಿಮೆ, ನಡುವೆ ಬೇಕಾದಷ್ಟು ಜಾಗ. ಕೊನೆಯ ಸ್ವರ ಕರಗಿದ ಮೇಲೂ ಯಾರೂ ಅಲುಗಾಡಲಿಲ್ಲ. ನಾನು ಬೆಂಗಳೂರಿನ ರಾಮನವಮಿ ಕಚೇರಿಗಳಲ್ಲಿ ತೊಡೆ ಮೇಲೆ ತಾಳ ಹಾಕುತ್ತಾ, ಪಕ್ಕದವರ ‘ಭೇಷ್’ ಕೇಳುತ್ತಾ ಬೆಳೆದವಳು. ಆ ಮೌನಕ್ಕೆ ಹೊಂದಿಕೊಳ್ಳಲು ನನಗೆ ಕೆಲವು ಕಚೇರಿಗಳೇ ಬೇಕಾದವು. ಈಗ ಅದಕ್ಕೋಸ್ಕರವೇ ಕಾಯುತ್ತೇನೆ.

ಏಪ್ರಿಲ್‌ನಲ್ಲಿ ‘ಎಸ್ಟೋನಿಯನ್ ಸಂಗೀತದ ದಿನಗಳು’. 1979ರಿಂದ ನಡೆಯುತ್ತಿರುವ ಈ ಉತ್ಸವದಲ್ಲಿ ಇಲ್ಲಿನವರ ಹೊಸ ಕೃತಿಗಳಿಗೇ ಮೊದಲ ಮಣೆ. ಎಲ್ಲವೂ ನನ್ನ ಕಿವಿಗೆ ಒಗ್ಗಲಿಲ್ಲ.

ಜೂನ್ ಮಾತ್ರ ಮರೆಯಲಾರೆ. ಸೂರೆ-ಯಾನಿ ಎಂಬ ಪುಟ್ಟ ಊರಿನ ಸಂಗೀತ ಉತ್ಸವದಲ್ಲಿ ಒಂದು ಕಚೇರಿ ಸೂರ್ಯೋದಯಕ್ಕೆ, ಜೌಗು ನೆಲದ ನಡುವೆ. ಇಲ್ಲಿ ಆಗ ನಾಲ್ಕು ಗಂಟೆಗೆಲ್ಲ ಸೂರ್ಯ ಹುಟ್ಟುತ್ತಾನೆ. ಅರ್ಧ ರಾತ್ರಿಗೆ ಹೊರಟು, ಮಂಜಿನಲ್ಲಿ ನಡೆದು, ಕಂಬಳಿ ಹೊದ್ದು ಕುಳಿತೆವು. ಮೊದಲು ಹಕ್ಕಿಗಳು, ಆಮೇಲೆ ಮನುಷ್ಯರ ದನಿ. ಯಾವುದು ಎಲ್ಲಿ ಶುರುವಾಯಿತೋ ಗೊತ್ತೇ ಆಗಲಿಲ್ಲ. ಬೆಳಗಿನ ಜಾವ ಭೂಪಾಳ ರಾಗ ಕೇಳಿದವರಿಗೆ ಇದರ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ಜುಲೈ 2025ರಲ್ಲಿ ಲೌಲುಪಿದು, ಅಂದರೆ ಹಾಡಿನ ಹಬ್ಬ. ಐದು ವರ್ಷಕ್ಕೊಮ್ಮೆ ಬರುವುದು ನಾನಿದ್ದ ವರ್ಷವೇ ಬಂತು. 1869ರಲ್ಲಿ ಟಾರ್ಟು ಊರಿನಲ್ಲಿ ಎಂಟುನೂರಕ್ಕೂ ಜಾಸ್ತಿ ಗಂಡಸರು ಹಾಡಿ ಶುರುಮಾಡಿದ್ದು. ಈಗ ಹಾಡುವವರೇ ಇಪ್ಪತ್ತು ಸಾವಿರಕ್ಕೂ ಹೆಚ್ಚು. ದೇಶದ ಜನಸಂಖ್ಯೆ ಸುಮಾರು ಹದಿಮೂರೂವರೆ ಲಕ್ಷ ಅನ್ನುವುದು ನೆನಪಿರಲಿ. ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಹಾಡುಗಳನ್ನು ಕಲಿತು, ಪರೀಕ್ಷೆ ದಾಟಿದ ಕಾಯರ್‌ಗಳಿಗೆ, ಅಂದರೆ ಗಾಯನ ತಂಡಗಳಿಗೆ, ಮಾತ್ರ ಜಾಗ. ನಮ್ಮ ಲೆಕ್ಕದವರೂ ಅವರಲ್ಲೊಬ್ಬರು. ವೇದಿಕೆಯ ಆ ದೊಡ್ಡ ಕಮಾನಿನ ಕೆಳಗೆ ಅವರನ್ನು ಹುಡುಕಿದೆ, ಸಿಗಲಿಲ್ಲ. ಆ ಹಬ್ಬದ ದಿನಗಳಲ್ಲಿ ಮಳೆ ಜೋರಾಗಿಯೇ ಸುರಿಯಿತು, ಆದರೂ ಜನ ಕರಗಲಿಲ್ಲ.

ಕೊನೆಗೆ ‘ನನ್ನ ನಾಡು ನನ್ನ ಒಲವು’ ಶುರುವಾಯಿತು. ಲಿಡಿಯಾ ಕೊಯ್ದುಲಾ ಅವರ ಕವಿತೆಗೆ ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ್ದು. ಸೋವಿಯತ್ ಕಾಲದಲ್ಲಿ, 1960ರ ಹಬ್ಬದ ಪಟ್ಟಿಯಲ್ಲಿ ಇಲ್ಲದಿದ್ದರೂ ಜನ ತಾವಾಗಿಯೇ ಹಾಡಿದ್ದರಂತೆ. ಈಗ ಇಡೀ ಮೈದಾನ ಎದ್ದು ನಿಂತಿತು. ಪಕ್ಕದ ಅಜ್ಜಿ ಕಣ್ಣು ಮುಚ್ಚಿ ಹಾಡುತ್ತಿದ್ದರು. ನಾನು ಅವರ ತುಟಿ ನೋಡಿಕೊಂಡು ಅರ್ಧಂಬರ್ಧ ದನಿಗೂಡಿಸಿದೆ.

ಸೋಮವಾರ ಆಫೀಸಿಗೆ ಬಂದಾಗ ನಮ್ಮ ಲೆಕ್ಕದವರ ಗಂಟಲು ಪೂರ್ತಿ ಕಟ್ಟಿತ್ತು. ತಿಂಗಳ ಲೆಕ್ಕವನ್ನು ಪಿಸುದನಿಯಲ್ಲೇ ಓದಿದರು. ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು.