ಶ್ರೀಹರಿಕೋಟಾದಲ್ಲಿ ಒಂದು ಸಂಜೆ: ಅಮೆರಿಕದ ರೇಡಾರ್, ನಮ್ಮ ಎಂಜಿನ್

ಬೆಂಗಳೂರಿನಿಂದ ಶ್ರೀಹರಿಕೋಟಾಕ್ಕೆ ಹೋಗುವವರು ಸಾಮಾನ್ಯವಾಗಿ ಚೆನ್ನೈ ಕಡೆಯಿಂದ ಹೋಗುತ್ತಾರೆ. ನಾವು ತಿರುಪತಿ, ಶ್ರೀಕಾಳಹಸ್ತಿ, ನಾಯ್ಡುಪೇಟೆ ದಾರಿ ಹಿಡಿದೆವು. ಸುಳ್ಳೂರುಪೇಟೆ ದಾಟಿದರೆ ಪುಲಿಕಾಟ್ ಸರೋವರ. ಅದರ ನಡುವೆಯೇ ನೆಟ್ಟಗೆ ರಸ್ತೆ ಹೋಗುತ್ತದೆ. ಚಳಿಗಾಲದಲ್ಲಾದರೆ ಇಲ್ಲಿ ರಾಜಹಂಸಗಳ ಜಾತ್ರೆ. ನಾವು ಹೋಗಿದ್ದು ಜುಲೈನಲ್ಲಿ, ಹಾಗಾಗಿ ಕಂಡಿದ್ದು ಬಿಸಿಲು ಮತ್ತು ಕಾರುಗಳ ಸಾಲು, ಅಷ್ಟೇ.

ಅವತ್ತು 2025ರ ಜುಲೈ 30. ಸಂಜೆ 5.40ಕ್ಕೆ ಜಿಎಸ್ಎಲ್‌ವಿ ರಾಕೆಟ್ ನಿಸಾರ್ ಉಪಗ್ರಹವನ್ನು ಹೊತ್ತು ಹಾರಬೇಕಿತ್ತು. ನಾಸಾ ಮತ್ತು ಇಸ್ರೋ ಕೂಡಿ ಮಾಡಿದ ಉಪಗ್ರಹ. ಒಂದು ರೇಡಾರ್ ಅವರದ್ದು, ಇನ್ನೊಂದು ನಮ್ಮದು. ಮೋಡವಿರಲಿ, ಕತ್ತಲಿರಲಿ, ಕೆಳಗಿನ ನೆಲ ಎಷ್ಟು ಜರುಗಿದೆ ಎಂದು ಅಳೆಯುತ್ತದೆ. ಕೊಡಗಿನ ಗುಡ್ಡ ಜರಿದಿದ್ದನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಜನ ಕೂತು ಉಡಾವಣೆ ನೋಡುವ ಗ್ಯಾಲರಿ ಕ್ರೀಡಾಂಗಣದ ಹಾಗೇ ಇದೆ. ಮೆಟ್ಟಿಲು, ದೊಡ್ಡ ಪರದೆ, ಧ್ವನಿವರ್ಧಕ. ಮಕ್ಕಳ ಕೈಯಲ್ಲಿ ಬಾವುಟ. ಆದರೆ ದೊಡ್ಡವರ ಮುಖದಲ್ಲಿ ಸ್ವಲ್ಪ ಅಳುಕು ಇದ್ದೇ ಇತ್ತು. ಇಲ್ಲಿಂದ ಹಾರಿದ ಹಿಂದಿನ ರಾಕೆಟ್, ಮೇ ತಿಂಗಳಿನ ಪಿಎಸ್ಎಲ್‌ವಿ, ಮೂರನೇ ಹಂತದಲ್ಲಿ ಕೈಕೊಟ್ಟಿತ್ತಲ್ವಾ.

ಎಣಿಕೆ ಮುಗಿಯುವ ಸುಮಾರು ಐದು ಸೆಕೆಂಡ್ ಮೊದಲೇ ಪಕ್ಕದ ನಾಲ್ಕು ದ್ರವ ಇಂಧನದ ಎಂಜಿನ್‌ಗಳು ಹೊತ್ತಿಕೊಳ್ಳುತ್ತವೆ. ಅವು ಸರಿಯಾಗಿ ಉರಿದರೆ ಮಾತ್ರ ನಡುವಿನ ಘನ ಇಂಧನಕ್ಕೆ ಬೆಂಕಿ. ಅದು ಒಮ್ಮೆ ಹತ್ತಿದರೆ ಆರಿಸುವ ಮಾತೇ ಇಲ್ಲ. 2001ರ ಮಾರ್ಚ್‌ನಲ್ಲಿ ಮೊದಲ ಜಿಎಸ್ಎಲ್‌ವಿ ಬದುಕಿದ್ದು ಈ ಐದು ಸೆಕೆಂಡಿನಿಂದಲೇ. ಪಕ್ಕದ ಒಂದು ಎಂಜಿನ್ ಸರಿಯಾಗಿ ಬಲ ಕೊಡಲಿಲ್ಲ, ಗಣಕ ಎಲ್ಲವನ್ನೂ ನಿಲ್ಲಿಸಿತು. ಮೂರು ವಾರ ಕಳೆದು ಅದೇ ರಾಕೆಟ್ ಹಾರಿತು.

ಈ ಸಲ ಅಂಥದ್ದೇನೂ ಆಗಲಿಲ್ಲ. ಮೊದಲು ಬೆಳಕು, ಮರಗಳ ಮೇಲೆ ಹೊಗೆ, ರಾಕೆಟ್ ಏರುತ್ತಿದೆ, ಸದ್ದೇ ಇಲ್ಲ. ಆಮೇಲೆ ಬಂತು ನೋಡಿ, ಎದೆಗೂಡಿಗೇ ಬಡಿಯುವ ಪಟಪಟ ಸದ್ದು. ಟಿವಿಯಲ್ಲಿ ಇದು ಸಿಗುವುದೇ ಇಲ್ಲ.

ನನಗೆ ಜಾಸ್ತಿ ಕುತೂಹಲವಿದ್ದಿದ್ದು ಕಣ್ಣಿಗೆ ಕಾಣದ ಮೇಲಿನ ಹಂತದ ಬಗ್ಗೆ. ಅಲ್ಲಿರುವುದು ಕ್ರಯೋಜೆನಿಕ್ ಎಂಜಿನ್. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಉರಿಸುತ್ತದೆ. ಈ ತಂತ್ರಜ್ಞಾನವನ್ನು ರಷ್ಯಾ ನಮಗೆ ಕೊಡಲು ಒಪ್ಪಿತ್ತು. ಅಮೆರಿಕ ಒತ್ತಡ ಹಾಕಿತು, 1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಸಿದ್ಧ ಎಂಜಿನ್ ಕೊಟ್ಟರು, ವಿದ್ಯೆ ಕೊಡಲಿಲ್ಲ. ನಾವೇ ಮಾಡಿದ ಎಂಜಿನ್ 2010ರಲ್ಲಿ ಸೋತಿತು, 2014ರ ಜನವರಿಯಲ್ಲಿ ಗೆದ್ದಿತು. ಈಗ ಅದೇ ಅಮೆರಿಕ ತನ್ನ ದುಬಾರಿ ರೇಡಾರನ್ನು ಅದೇ ಎಂಜಿನ್ನಿನ ತಲೆ ಮೇಲೆ ಇಟ್ಟು ಕಳಿಸುತ್ತಿದೆ! ಪಕ್ಕದಲ್ಲಿದ್ದ ಗೆಳೆಯನಿಗೆ ಇದನ್ನು ಹೇಳಿದೆ. "ಸುಮ್ನೆ ನೋಡೋ ಮಾರಾಯ" ಅಂದ.

ಸುಮಾರು ಹತ್ತೊಂಬತ್ತು ನಿಮಿಷಕ್ಕೆ ಉಪಗ್ರಹ ಬೇರೆಯಾಯಿತು. ಅಷ್ಟರಲ್ಲಿ ಅರ್ಧ ಗ್ಯಾಲರಿ ಖಾಲಿ. ಹೊಗೆ ಕಂಡರೆ ಸಾಕು, ಕೆಲಸ ಆಯಿತು ಅಂತ ನಮ್ಮ ಜನ.

ಇಲ್ಲಿ ಮೂರನೇ ಉಡಾವಣಾ ಕಟ್ಟೆಗೆ ಸುಮಾರು 3,985 ಕೋಟಿ ರೂಪಾಯಿ ಮಂಜೂರಾಗಿದೆ. 2035ಕ್ಕೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬ ಗುರಿ ಇದೆ. ಈ ಇಸವಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮನುಷ್ಯರನ್ನು ಕಳಿಸುವ ಗಗನಯಾನ 2022ಕ್ಕೇ ಎಂದು 2018ರಲ್ಲಿ ಹೇಳಿದ್ದರು, ನಾವು ಹೋದಾಗಲೂ ಅದು ಆಗಿರಲಿಲ್ಲ. ಆದರೆ ಎಂಜಿನ್ನಿಗಾಗಿ ಇಪ್ಪತ್ತು ವರ್ಷ ಕಾದವರು ಇವರು. ತಡವಾದೀತು, ಕೈಬಿಡಲಿಕ್ಕಿಲ್ಲ.

ಹೋಗುವುದಾದರೆ ಇಸ್ರೋ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿ, ಇದಕ್ಕೆ ದುಡ್ಡಿಲ್ಲ. ಗುರುತಿನ ಚೀಟಿ ಮರೆಯಬೇಡಿ. ವಾಪಸ್ ಬರುವಾಗ ಆ ಒಂದೇ ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಹಾಗಾಗಿ ರಾತ್ರಿ ಊಟಕ್ಕೆ ಏನಾದರೂ ಕಟ್ಟಿಕೊಂಡೇ ಹೋಗಿ.